ರಗ್ಬಿ ಲೀಗ್ ಆಟಗಾರರೊಬ್ಬರ ವೃತ್ತಿಜೀವನವನ್ನು ಕನ್ನಡದಲ್ಲಿ ಬರೆಯುವ ಬಗೆ

ಧಾರವಾಡ, ಗದಗ ಭಾಗದ ಓದುಗರಿಗೆ ಕುಸ್ತಿ, ಹಾಕಿ, ಕಬಡ್ಡಿಗಳನ್ನು ವಿವರಿಸಬೇಕಾಗಿಲ್ಲ. ರಗ್ಬಿ ಲೀಗ್ ಆಟವನ್ನು ವಿವರಿಸಲೇಬೇಕು. ಆದ್ದರಿಂದ ವೇಲ್ಸ್‌ನ ಲೂಯಿಸ್ ಜೋನ್ಸ್ ಅವರಂಥ 1950ರ ದಶಕದ ಆಟಗಾರರ ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವವರು ಹುಟ್ಟೂರಿನಿಂದ ಆರಂಭಿಸದೆ, ಅವರು ಯಾವ ರಗ್ಬಿಯನ್ನು ಬಿಟ್ಟು ಯಾವ ರಗ್ಬಿಗೆ ಬಂದರು ಎಂಬುದನ್ನು ಮೊದಲು ತಿಳಿಸಬೇಕು.

ಪಂದ್ಯಕ್ಕಾಗಿ ಕೂಲಿ ಕಳೆದುಕೊಂಡ ಕಾರ್ಮಿಕರಿಗೆ ಪರಿಹಾರ ಕೊಡಬೇಕೇ ಎಂಬ ವಿವಾದದಿಂದ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು 1895ರಲ್ಲಿ ಹಡರ್ಸ್‌ಫೀಲ್ಡ್‌ನಲ್ಲಿ ಸಭೆ ಸೇರಿ, ಹಣ ಪಡೆಯದೆ ಆಡಬೇಕೆನ್ನುತ್ತಿದ್ದ ರಗ್ಬಿ ಯೂನಿಯನ್‌ನಿಂದ ಬೇರೆಯಾದವು. ಹೀಗೆ ಬೇರೆಯಾದವರ ಆಟವೇ ಮುಂದೆ ರಗ್ಬಿ ಲೀಗ್ ಆಯಿತು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದ ಕೆಲಸಗಾರನೊಬ್ಬ ಆಟಕ್ಕಾಗಿ ಅರ್ಧ ದಿನದ ಪಗಾರ ಬಿಡಬೇಕಾಗಿ ಬಂದರೆ ಮನೆಯಲ್ಲಿ ಎಂಥ ಮಾತು ನಡೆದೀತು ಎಂಬುದನ್ನು ನೆನಪಿಸಿದರೆ, ನಮ್ಮ ಓದುಗರಿಗೆ ಆ ಒಡಕಿನ ಕಾರಣ ತಾನಾಗಿಯೇ ತಿಳಿಯುತ್ತದೆ. 1950ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ರಗ್ಬಿ ಯೂನಿಯನ್ ಆಟಗಾರರ ಬ್ರಿಟಿಷ್ ಲಯನ್ಸ್ ತಂಡದೊಂದಿಗೆ ಪ್ರವಾಸ ಮಾಡಿದ್ದ ಜೋನ್ಸ್, 1952ರಲ್ಲಿ 6,000 ಪೌಂಡ್ ಪಡೆದು ಲೀಡ್ಸ್ ರಗ್ಬಿ ಲೀಗ್ ಕ್ಲಬ್ ಸೇರಿದರು. ಅಂದಿನ ನಿಯಮದಂತೆ, ಹಣ ಪಡೆದು ಆಡಿದವರಿಗೆ ರಗ್ಬಿ ಯೂನಿಯನ್‌ಗೆ ಮರಳಲು ಅವಕಾಶವಿರಲಿಲ್ಲ. ಇಪ್ಪತ್ತೊಂದರ ಹರೆಯದಲ್ಲಿ ಮಾಡಿದ ಈ ಆಯ್ಕೆಯೇ ಅವರ ಬದುಕಿನ ದೊಡ್ಡ ತಿರುವೆಂದು ನಾನು ಭಾವಿಸುತ್ತೇನೆ. ಇದಕ್ಕೆ ಧಾರಾಳವಾಗಿ ಜಾಗ ಕೊಡಿ.

ಟ್ರೈ ಎಂಬ ಪದವನ್ನು ‘ಪ್ರಯತ್ನ’ ಎಂದು ಅನುವಾದಿಸಬೇಡಿ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದೇ ಟ್ರೈ. ಕಬಡ್ಡಿಯ ದಾಳಿಗಾರ ಮುಟ್ಟಿ ಹಿಂದಿರುಗಬೇಕು. ಇಲ್ಲಿ ಆಟಗಾರ ಮುಂದಕ್ಕೇ ನುಗ್ಗಬೇಕು, ಕೈಯಿಂದ ಎಸೆಯುವ ಚೆಂಡು ಮಾತ್ರ ಮುಂದಕ್ಕೆ ಹೋಗಬಾರದು.

ಅಂಕಿಗಳನ್ನು ಆಯಾ ಕಾಲದ ನಿಯಮದಿಂದಲೇ ಲೆಕ್ಕ ಹಾಕಬೇಕು. ಜೋನ್ಸ್ 1956–57ರ ಋತುವಿನಲ್ಲಿ 36 ಟ್ರೈ ಮತ್ತು 194 ಗೋಲುಗಳಿಂದ (ಚೆಂಡನ್ನು ಗೋಲುಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದೆಯುವುದೇ ಗೋಲು) 496 ಅಂಕ ಗಳಿಸಿದರು. ಆಗ ಟ್ರೈಗೆ 3 ಅಂಕ, ಗೋಲಿಗೆ 2 ಅಂಕವಿದ್ದುದರಿಂದ 108ಕ್ಕೆ 388 ಕೂಡಿದರೆ ಮೊತ್ತ ಸರಿಹೋಗುತ್ತದೆ. ಟ್ರೈಗೆ 4 ಅಂಕ ಬಂದದ್ದು 1983ರಲ್ಲಿ. ಇದನ್ನು ಮರೆತು ಗುಣಿಸಿದವರಿಗೆ 532 ಎಂಬ ತಪ್ಪು ಉತ್ತರ ಸಿಗುತ್ತದೆ. ಪ್ರತಿಯೊಂದು ದಾಖಲೆಯನ್ನೂ ಹೀಗೆ ಕೈಯಾರೆ ಕೂಡಿ ನೋಡಿದ ಮೇಲೆಯೇ ಬರೆಯಿರಿ.

ಅಂಕಿಗಳು ಹೇಳದ ಶ್ರಮವೂ ಲೇಖನದಲ್ಲಿರಲಿ. 1966ರವರೆಗೆ ಒಂದು ತಂಡ ಎಷ್ಟು ಟ್ಯಾಕಲ್‌ಗೆ, ಅಂದರೆ ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ತಡೆಯುವುದಕ್ಕೆ, ಒಳಗಾದರೂ ಚೆಂಡನ್ನು ಉಳಿಸಿಕೊಳ್ಳಬಹುದಿತ್ತು. ಆ ವರ್ಷ ನಾಲ್ಕರ ಮಿತಿಯೂ 1972ರಲ್ಲಿ ಆರರ ಮಿತಿಯೂ ಬಂದವು. 1964ಕ್ಕೆ ಮುಂಚೆ ಬದಲಿ ಆಟಗಾರರೂ ಇರಲಿಲ್ಲವಾದ್ದರಿಂದ, ಹದಿಮೂರು ಜನರಲ್ಲಿ ಒಬ್ಬರು ಗಾಯಗೊಂಡು ಹೊರನಡೆದರೆ ಉಳಿದ ಹನ್ನೆರಡು ಜನರೇ ಪಂದ್ಯ ಮುಗಿಸಬೇಕಿತ್ತು.

1961ರಲ್ಲಿ ಜೋನ್ಸ್ ನಾಯಕತ್ವದಲ್ಲಿ ಲೀಡ್ಸ್ ಮೊದಲ ಬಾರಿಗೆ ಚಾಂಪಿಯನ್‌ಷಿಪ್ ಗೆದ್ದದ್ದನ್ನೂ, 1964ರಲ್ಲಿ ಅವರು ಆಸ್ಟ್ರೇಲಿಯಾಕ್ಕೆ ತೆರಳಿದ್ದನ್ನೂ ಚಿಕ್ಕದಾಗಿ ಬರೆದರೆ ಸಾಕು. ಕರಡು ಮುಗಿದ ಮೇಲೆ, ರಗ್ಬಿಯನ್ನು ಎಂದೂ ನೋಡದ ಕಬಡ್ಡಿ ಆಟಗಾರರೊಬ್ಬರಿಗೆ ಅದನ್ನು ಓದಿ ಹೇಳಿರಿ. ಅವರು ತಡೆದು ಪ್ರಶ್ನೆ ಕೇಳಿದ ಕಡೆಗಳಲ್ಲಿ ಒಂದೊಂದು ವಾಕ್ಯವನ್ನು ಸೇರಿಸಿರಿ.