ತಾಳಮದ್ದಲೆ ಕ್ಯಾಸೆಟ್‌ಗಳಿಗಾಗಿ ನಾನು ಫೈಲ್ ಸಿಸ್ಟಮ್ ಬದಲಿಸಿದ್ದು

ನಮ್ಮ ಅಪ್ಪನಿಗೆ ತಾಳಮದ್ದಲೆ ಅಂದರೆ ಪ್ರಾಣ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಎಲ್ಲಿ ಕೂಟವಾದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿಬಿಡುತ್ತಿದ್ದರು. ಹಾಗೆ ಸೇರಿದ ಇನ್ನೂರಕ್ಕೂ ಜಾಸ್ತಿ ಕ್ಯಾಸೆಟ್ ಮನೆಯಲ್ಲಿದ್ದವು. ನಮ್ಮ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಎಷ್ಟು ಒರೆಸಿದರೂ ಅಷ್ಟೇ. ಅದಕ್ಕೇ 2018ರಲ್ಲಿ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಂಡು ಒಂದೊಂದೇ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಲು ಕೂತೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಸ್ಟೀರಿಯೋ ಇಳಿಸಿದರೆ 90 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 1.5 ಜಿಬಿ ಬೇಕು.

ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿ ಅವುಗಳ ಲೆಕ್ಕ ಇಡುವ ವ್ಯವಸ್ಥೆಯೇ ಫೈಲ್ ಸಿಸ್ಟಮ್. ಅದು ಯಾವುದಿರಬೇಕು ಅಂತ ಆಗ ಯೋಚಿಸಲೇ ಇಲ್ಲ. ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ಅದು ತಾನಾಗಿಯೇ ಕೊಡುವ ಇಎಕ್ಸ್‌ಟಿ4 ಒಪ್ಪಿಕೊಂಡೆ. ನಂಬಿಕೆಯ ಫೈಲ್ ಸಿಸ್ಟಮ್ ಅಂದರೆ ಕರೆಂಟ್ ಹೋದರೂ ಕೆಡದೇ ಇರುವುದು, ಅಷ್ಟೇ ಅಂದುಕೊಂಡಿದ್ದೆ. ಆ ಪರೀಕ್ಷೆಯಲ್ಲಿ ಇಎಕ್ಸ್‌ಟಿ4 ನಿಜಕ್ಕೂ ಗೆದ್ದಿತು. ಆ ವರ್ಷದ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು, ರೆಕಾರ್ಡಿಂಗ್ ನಡೆಯುತ್ತಿದ್ದಾಗಲೇ ಮೆಷಿನ್ ಆಫ್ ಆಗಿದ್ದು ಒಂದೆರಡು ಸಲ ಅಲ್ಲ. ಪ್ರತಿ ಸಲವೂ ಕೆಲವೇ ಸೆಕೆಂಡಿನಲ್ಲಿ ಎದ್ದು ನಿಂತಿತು. ಅರ್ಧಕ್ಕೆ ನಿಂತ ಆ ಒಂದು ಫೈಲ್ ಹೋಗುತ್ತಿತ್ತು, ಕ್ಯಾಸೆಟ್ ಮತ್ತೆ ಹಾಕುತ್ತಿದ್ದೆ.

ಇದಕ್ಕೆ ಕಾರಣ ಜರ್ನಲ್. ಅಡಿಕೆ ಮಂಡಿಯಲ್ಲಿ ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಎತ್ತುತ್ತಾರಲ್ಲ, ಹಾಗೆ. ಯಾವ ಫೈಲ್ ಎಲ್ಲಿದೆ, ಎಷ್ಟು ಉದ್ದ ಎಂಬ ಲೆಕ್ಕದಲ್ಲಿ ಬದಲಾವಣೆ ಆದರೆ ಇಎಕ್ಸ್‌ಟಿ4 ಮೊದಲು ಅದನ್ನು ಜರ್ನಲ್‌ನಲ್ಲಿ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಕಿರ್ದಿ ನೋಡಿ ಖಾತೆ ಸರಿಮಾಡಿಕೊಳ್ಳುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲೂ ಇಂಥ ಏರ್ಪಾಡಿದೆ. ಪೆನ್‌ಡ್ರೈವ್‌ಗಳಿಗೆ ಹಾಕುವ ಎಕ್ಸ್‌ಫ್ಯಾಟ್‌ನಲ್ಲಿ ಇಲ್ಲ. ಅದಕ್ಕೇ ಎಕ್ಸ್‌ಫ್ಯಾಟ್ ಡಿಸ್ಕನ್ನು ಸುಮ್ನೆ ಎಳೆದು ತೆಗೆಯಬೇಡಿ, ಎಜೆಕ್ಟ್ ಮಾಡಿಯೇ ತೆಗೆಯಿರಿ.

ಆದರೆ ಜರ್ನಲ್ ಕಾಯುವುದು ಲೆಕ್ಕವನ್ನು, ಗೋಣಿಯೊಳಗಿನ ಅಡಿಕೆಯನ್ನಲ್ಲ. ಇದು ನನಗೆ ಗೊತ್ತಾಗಿದ್ದು ತಡವಾಗಿ.

2019ರಲ್ಲಿ ಎಲ್ಲವನ್ನೂ ದೊಡ್ಡ ಡಿಸ್ಕಿಗೆ ಸಾಗಿಸಿ ಹಳೆಯದನ್ನು ಫಾರ್ಮ್ಯಾಟ್ ಮಾಡಿದ್ದೆ. 2021ರಲ್ಲಿ ಒಂದು ಸಂಜೆ ಅಪ್ಪ ಕರ್ಣ–ಕೃಷ್ಣರ ಸಂವಾದ ಕೇಳಬೇಕು ಅಂದರು. ಹಾಕಿದೆ. ಅರ್ಥಧಾರಿಯ ಮಾತು ಏರುವ ಹೊತ್ತಿಗೆ ಟಕ್, ಟಕ್ ಅಂತ ಶಬ್ದ. ಇಳಿಸಿದ ದಿನವೇ ಪೂರ್ತಿ ಕೇಳಿ ಸರಿಯಿದೆ ಅಂತ ಬರೆದಿಟ್ಟಿದ್ದ ಫೈಲ್ ಅದು. ಹೆಸರು ಸರಿ, ಗಾತ್ರ ಸರಿ, ತಾರೀಕು ಸರಿ. ಒಳಗೆ ಮಾತ್ರ ಅಲ್ಲಲ್ಲಿ ಬಿಟ್‌ಗಳು ಬದಲಾಗಿದ್ದವು. ಮೂಲ ಕ್ಯಾಸೆಟ್ ಹಾಕೋಣ ಅಂದರೆ ಅದಕ್ಕೆ ಬೂಷ್ಟು ಬಂದು ಟೇಪ್ ಅಂಟಿಕೊಂಡಿತ್ತು. ಅಪ್ಪ ಏನೂ ಅನ್ನಲಿಲ್ಲ, ಎದ್ದು ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಎಕ್ಸ್‌ಟಿ4 ತನ್ನ ಲೆಕ್ಕದ ಭಾಗಕ್ಕೆ, ಬರೆದದ್ದು ಕೆಟ್ಟಿದೆಯೇ ಅಂತ ಆಮೇಲೆ ತಾಳೆ ನೋಡಲು ಬೇಕಾದ ಗುರುತು ಸಂಖ್ಯೆಯಾದ ಚೆಕ್‌ಸಮ್ ಇಡಬಲ್ಲದು, ನಮ್ಮ ಡೇಟಾಕ್ಕೆ ಇಡುವುದಿಲ್ಲ. ಲಿನಕ್ಸ್‌ನ ಇನ್ನೊಂದು ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್ ಕೂಡ ಅಷ್ಟೇ. ಅಂದರೆ ಡಿಸ್ಕ್‌ನಿಂದ ಬಂದ ಬೈಟ್‌ಗಳು ನಾನು ಬರೆದವೇ ಹೌದೋ ಅಲ್ಲವೋ ಅಂತ ನೋಡುವವರೇ ಇರಲಿಲ್ಲ. ಕೆಟ್ಟಿದ್ದು ಒಂದು ನೋವು, ಕೆಟ್ಟಿದ್ದೇ ಗೊತ್ತಾಗದೆ ಎರಡು ವರ್ಷ ಕಳೆದಿದ್ದು ಅದಕ್ಕಿಂತ ದೊಡ್ಡ ನೋವು. ಮೊದಲೇ ಗೊತ್ತಾಗಿದ್ದರೆ ಕ್ಯಾಸೆಟ್ ಇನ್ನೂ ಚೆನ್ನಾಗಿದ್ದಾಗಲೇ ಮತ್ತೆ ಇಳಿಸಬಹುದಿತ್ತು, ಅಲ್ವಾ?

ಡೇಟಾಕ್ಕೂ ಚೆಕ್‌ಸಮ್ ಇಡುವ ಫೈಲ್ ಸಿಸ್ಟಮ್‌ಗಳಲ್ಲಿ ನನ್ನ ಕೈಗೆ ಎಟುಕುವಂಥವು ಎರಡು. ಒಂದು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ 2005ರಲ್ಲಿ ಹೊರಬಂದ ಝಡ್‌ಎಫ್‌ಎಸ್. ಇನ್ನೊಂದು ಬಟರ್‌ಎಫ್‌ಎಸ್, ಕ್ರಿಸ್ ಮೇಸನ್ ಒರಾಕಲ್‌ನಲ್ಲಿದ್ದಾಗ 2007ರಲ್ಲಿ ಶುರುಮಾಡಿದ್ದು. ಝಡ್‌ಎಫ್‌ಎಸ್ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಅದರ ಲೈಸೆನ್ಸ್ ಬೇರೆ ಇರುವುದರಿಂದ ಅದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗಿಲ್ಲ, ಪ್ರತ್ಯೇಕ ಮಾಡ್ಯೂಲ್ ಆಗಿ ಬರುತ್ತದೆ. ಕರ್ನಲ್ ಅಪ್‌ಡೇಟ್ ಆದಾಗ ಅದೂ ಜೊತೆಗೆ ಹೊಂದಿಕೊಳ್ಳಬೇಕು. ಈ ಮೆಷಿನ್ ನಾನಿಲ್ಲದಾಗ ಮನೆಯವರೂ ಬಳಸುತ್ತಾರೆ, ಅಂಥ ತಲೆನೋವು ಅವರಿಗೆ ಬೇಡ ಅನ್ನಿಸಿತು. ಬಟರ್‌ಎಫ್‌ಎಸ್ 2009ರಿಂದ ಕರ್ನಲ್‌ನಲ್ಲೇ ಇದೆ. 2020ರಲ್ಲಿ ಬಂದ ಫೆಡೋರಾ 33 (ಇನ್ನೊಂದು ಬಗೆಯ ಲಿನಕ್ಸ್) ಡೆಸ್ಕ್‌ಟಾಪ್‌ಗೆ ಅದನ್ನೇ ಡೀಫಾಲ್ಟ್ ಮಾಡಿದ್ದು ನನಗೆ ಧೈರ್ಯ ಕೊಟ್ಟಿತು.

ನಾನು ಮಾಡಿದ್ದು ಹೀಗೆ. ಸಿಸ್ಟಮ್ ಇರುವ ಎಸ್‌ಎಸ್‌ಡಿಯನ್ನು ಇಎಕ್ಸ್‌ಟಿ4ನಲ್ಲೇ ಬಿಟ್ಟೆ. ಅದು ಕೆಟ್ಟರೆ ಒಂದು ಗಂಟೆಯಲ್ಲಿ ಮತ್ತೆ ಹಾಕಿಕೊಳ್ಳಬಹುದು. ರೆಕಾರ್ಡಿಂಗ್ ಮತ್ತು ಮನೆಯ ಫೋಟೋಗಳಿಗೆ 4 ಟಿಬಿಯ ಎರಡು ಡಿಸ್ಕ್ ತಂದು ಬಟರ್‌ಎಫ್‌ಎಸ್‌ನ ರೇಡ್1 ಮಾಡಿದೆ. ಇದರಲ್ಲಿ ಪ್ರತಿ ತುಣುಕೂ ಎರಡೂ ಡಿಸ್ಕ್‌ನಲ್ಲಿರುತ್ತದೆ. ಒಂದು ಕಡೆಯದು ಚೆಕ್‌ಸಮ್‌ಗೆ ತಾಳೆಯಾಗದಿದ್ದರೆ ಇನ್ನೊಂದರಿಂದ ತೆಗೆದುಕೊಂಡು ಸರಿಮಾಡುತ್ತದೆ. ಒಂದೇ ಡಿಸ್ಕ್ ಇದ್ದರೆ ತಪ್ಪು ತೋರಿಸುತ್ತದೆ, ಡೇಟಾ ವಾಪಸ್ ಕೊಡಲಾರದು. ರೇಡ್5, ರೇಡ್6 ಬಟರ್‌ಎಫ್‌ಎಸ್‌ನಲ್ಲಿ ಮುಟ್ಟಬೇಡಿ, ಆ ಫೈಲ್ ಸಿಸ್ಟಮ್ ತಯಾರಿಸುವವರೇ ಬೇಡ ಅನ್ನುತ್ತಾರೆ.

ಎರಡು ವಾರದ ನಂತರ ಮೊದಲ ಸ್ಕ್ರಬ್ ಓಡಿಸಿದೆ. ಸ್ಕ್ರಬ್ ಅಂದರೆ ಡಿಸ್ಕ್‌ನಲ್ಲಿರುವ ಎಲ್ಲವನ್ನೂ ಓದಿ ಚೆಕ್‌ಸಮ್ ಜೊತೆ ತಾಳೆ ನೋಡುವುದು. ಮೂರು ಫೈಲ್‌ಗಳಲ್ಲಿ ತಪ್ಪು ತೋರಿಸಿತು. ಹೊಸ ಡಿಸ್ಕ್! ಅಂಗಡಿಗೆ ಹೋಗಿ ಜಗಳ ಮಾಡುವ ಮೊದಲು ಇನ್ನೊಮ್ಮೆ ಓಡಿಸೋಣ ಅಂತ ಓಡಿಸಿದೆ. ಈ ಸಲ ಎರಡು ತಪ್ಪು, ಅದೂ ಬೇರೆಯೇ ಫೈಲ್‌ಗಳಲ್ಲಿ. ಅಲ್ಲೇ ಅನುಮಾನ ಬಂತು. ಡಿಸ್ಕ್ ಕೆಟ್ಟಿದ್ದರೆ ತಪ್ಪು ಒಂದೇ ಜಾಗದಲ್ಲಿ ಕೂತಿರಬೇಕು, ಜಾಗ ಬದಲಿಸುತ್ತಿದೆ ಅಂದರೆ ದಾರಿಯಲ್ಲಿ ಯಾರೋ ಕೆಡಿಸುತ್ತಿದ್ದಾರೆ. ಕಂಪ್ಯೂಟರಿನ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಪರದೆ ತುಂಬಾ ಕೆಂಪು ಸಾಲು. ಎರಡು ರ‍್ಯಾಮ್‌ಗಳಲ್ಲಿ ಒಂದು ಹಾಳಾಗಿತ್ತು. 2018ರಿಂದ ಅದೇ ರ‍್ಯಾಮ್, 2019ರ ಆ ಸಾಗಣೆಯಲ್ಲಿ ಕರ್ಣನ ಮಾತು ಕೆಡಿಸಿದ್ದೂ ಅದೇ ಎಂದು ನಾನು ನಂಬಿದ್ದೇನೆ.

ರ‍್ಯಾಮ್ ಬದಲಿಸಿದೆ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಕೆಟ್ಟ ರ‍್ಯಾಮ್‌ನಲ್ಲಿ ಚೆಕ್‌ಸಮ್ ಲೆಕ್ಕ ಹಾಕುವ ಮೊದಲೇ ಡೇಟಾ ಕೆಟ್ಟಿದ್ದರೆ, ಕೆಟ್ಟ ಡೇಟಾಕ್ಕೇ ಸರಿಯಾದ ಚೆಕ್‌ಸಮ್ ಕೂತಿರುತ್ತದೆ, ಅದನ್ನು ಯಾವ ಫೈಲ್ ಸಿಸ್ಟಮ್ಮೂ ಹಿಡಿಯಲಾರದು. ಹಾಗಾಗಿ ಎರಡೂ ಡಿಸ್ಕ್ ಅಳಿಸಿ, ಹಿಂದಿನ ಡಿಸ್ಕ್‌ನಿಂದ ಎಲ್ಲವನ್ನೂ ಹೊಸದಾಗಿ ಹಾಕಿ, ಎರಡೂ ಕಡೆಯ ಫೈಲ್‌ಗಳ ಎಸ್‌ಎಚ್‌ಎ-256 (ಇದೂ ಒಂದು ಬಗೆಯ ಚೆಕ್‌ಸಮ್) ತೆಗೆದು ಒಂದೊಂದನ್ನೂ ಹೋಲಿಸಿದೆ. ನೀವು ಯಾವುದೇ ಫೈಲ್ ಸಿಸ್ಟಮ್ ಆರಿಸಿಕೊಳ್ಳಿ, ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ. ದಯವಿಟ್ಟು.

ಇನ್ನೊಂದು ಕೆಲಸ ಬೇಕೆಂದೇ ಮಾಡಿ ನೋಡಿದೆ. ಮೆಷಿನ್ ಆಫ್ ಮಾಡಿ ಒಂದು ಡಿಸ್ಕ್‌ನ ಕೇಬಲ್ ತೆಗೆದು ಆನ್ ಮಾಡಿದೆ. ಬಟರ್‌ಎಫ್‌ಎಸ್ ಮೌಂಟ್ ಆಗಲು, ಅಂದರೆ ತೆರೆದುಕೊಳ್ಳಲು, ಒಪ್ಪಲಿಲ್ಲ, ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಅದರ ಸ್ವಭಾವವೇ ಹಾಗೆ. ಡಿಸ್ಕ್ ಕಮ್ಮಿ ಇದ್ದರೆ 'ಡಿಗ್ರೇಡೆಡ್' ಎಂಬ ಆಯ್ಕೆ ಕೊಟ್ಟು ನಾವೇ ಹೇಳಬೇಕು. ಜೊತೆಗೆ 'ಓದಲು ಮಾತ್ರ' ಅಂತ ಹೇಳಿ ತೆರೆದೆ, ಎಲ್ಲ ಫೈಲ್ ಸಿಕ್ಕವು. ನಿಜವಾದ ತೊಂದರೆ ಬಂದ ದಿನ ಗಾಬರಿಯಲ್ಲಿ ಸಿಕ್ಕ ಸಿಕ್ಕ ರಿಪೇರಿ ಆಜ್ಞೆ ಕೊಟ್ಟು ಇದ್ದದ್ದನ್ನೂ ಕಳೆದುಕೊಳ್ಳುವುದಕ್ಕಿಂತ ಈಗಲೇ ಕಲಿತಿದ್ದು ಒಳ್ಳೆಯದಾಯಿತು. ಹಾಗೇ, ಡಿಸ್ಕ್ ಪೂರ್ತಿ ತುಂಬಿದರೆ ಬಟರ್‌ಎಫ್‌ಎಸ್ ಒದ್ದಾಡುತ್ತದೆ. ನಾನು ಐದರಲ್ಲೊಂದು ಪಾಲು ಯಾವಾಗಲೂ ಖಾಲಿ ಬಿಡುತ್ತೇನೆ.

ರೇಡ್ ಇದ್ದ ಮಾತ್ರಕ್ಕೆ ಬ್ಯಾಕಪ್ ಆದಂತಲ್ಲ. ಕೈತಪ್ಪಿ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗಬಹುದು. ಮೂರನೇ ಪ್ರತಿ ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿದೆ. ಅವಳದ್ದು ವಿಂಡೋಸ್, ಹಾಗಾಗಿ ಆ ಡಿಸ್ಕ್ ಎಕ್ಸ್‌ಫ್ಯಾಟ್. ಅದರಲ್ಲಿ ಚೆಕ್‌ಸಮ್ ಇಲ್ಲವಲ್ಲ, ಅದಕ್ಕೆ ಎಸ್‌ಎಚ್‌ಎ-256 ಪಟ್ಟಿಯನ್ನೂ ಒಂದು ಫೈಲ್ ಮಾಡಿ ಜೊತೆಗೇ ಇಟ್ಟಿದ್ದೇನೆ. ದೀಪಾವಳಿಗೆ ಹೋದಾಗ ತಾಳೆ ನೋಡುತ್ತೇನೆ. ವಿಂಡೋಸ್ ಬಿಟ್ಟು ಬರಲಾಗದವರು ಇಷ್ಟು ಮಾಡಿದರೂ ಸಾಕು.

ಒಂದು ಯುಪಿಎಸ್ ಕೂಡ ತಂದೆ. ಈಗ ತಿಂಗಳ ಮೊದಲ ಭಾನುವಾರ ಸ್ಕ್ರಬ್ ಓಡುತ್ತದೆ, ಸುಮಾರು 900 ಜಿಬಿಗೆ ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ರ‍್ಯಾಮ್ ಬದಲಿಸಿದ ಮೇಲೆ ಇಂದಿನವರೆಗೆ ತಪ್ಪು ಸೊನ್ನೆ. ಕರ್ಣ–ಕೃಷ್ಣರ ಆ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಅಪ್ಪನ ಹಳೆಯ ಸ್ನೇಹಿತರ ಮನೆಯ ಅಟ್ಟದಲ್ಲಿ ಇರಬಹುದಂತೆ. ಮಳೆ ಶುರುವಾಗುವ ಮೊದಲು ಹೋಗಿ ಹುಡುಕಬೇಕು.