ರೋಮನ್ ಬಲಿಪೀಠದ ಮೇಲೆ ದೇವರ ಹೆಸರು ಓದುವುದು ಹೇಗೆ

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬೆನ್ವೆಲ್ ಅಂತ ಒಂದು ಬಡಾವಣೆ ಇದೆ. ಅಲ್ಲಿ ಮನೆಗಳ ನಡುವೆ, ಸಣ್ಣ ಸೈಟಿನಷ್ಟು ಜಾಗದಲ್ಲಿ, ಒಂದು ರೋಮನ್ ಗುಡಿಯ ತಳಪಾಯ ಉಳಿದಿದೆ. ನಾನು ಈ ಊರಿನಲ್ಲಿ ಹೆರಿಗೆ ವಾರ್ಡಿನ ನರ್ಸ್. ಊರಿಂದ ಯಾರೇ ಬಂದರೂ ಮೊದಲು ಅವರನ್ನು ಆ ಗುಡಿಗೆ ಕರೆದುಕೊಂಡು ಹೋಗುತ್ತೇನೆ.

ಒಂದು ಸಲ ಅತ್ತೆಯೂ ಮೈದುನನ ಮಗನೂ ಬಂದಿದ್ದರು. ಹುಡುಗ ಕೇಳಿದ, "ದೊಡ್ಡಮ್ಮ, ಇವರ ಧರ್ಮದ ಹೆಸರೇನು?" ಅತ್ತೆ ಕೇಳಿದ್ದು ಬೇರೆ. "ಯಾವ ದೇವರಮ್ಮ ಇದು? ಯಾರು ಮಾಡಿಸಿಕೊಟ್ಟಿದ್ದು? ಏನು ಹರಕೆ ಹೊತ್ತಿದ್ದರಂತೆ?"

ಹುಡುಗನ ಪ್ರಶ್ನೆಗೆ ಯಾವ ಬಲಿಪೀಠದ ಕಲ್ಲಿನಲ್ಲೂ ಉತ್ತರ ಸಿಗುವುದಿಲ್ಲ. ಅತ್ತೆಯ ಪ್ರಶ್ನೆಗಳಿಗೆ ಹೆಚ್ಚುಕಡಿಮೆ ಎಲ್ಲ ಕಲ್ಲಿನಲ್ಲೂ ಸಿಗುತ್ತದೆ. ಹಾಗಾಗಿ ಅತ್ತೆಯ ಹಾಗೆ ಕೇಳುತ್ತಾ ಓದುವುದನ್ನು ಹೇಳಿಕೊಡುತ್ತೇನೆ. ಲ್ಯಾಟಿನ್ ಬರಬೇಕಾಗಿಲ್ಲ.

ಮೊದಲು ಕಲ್ಲಿನ ತಲೆ ನೋಡಿ. ಅಲ್ಲಿ ತಟ್ಟೆಯಂಥ ಒಂದು ತಗ್ಗು ಇರುತ್ತದೆ. ಧೂಪ, ವೈನ್, ಕಾಳು ಏನೇ ಇದ್ದರೂ ಸಲ್ಲುತ್ತಿದ್ದದ್ದು ಅಲ್ಲಿ. ಪಕ್ಕಗಳಲ್ಲಿ ಹೂಜಿ, ಬಟ್ಟಲು, ಕತ್ತಿ, ಕೊಡಲಿ ಕೆತ್ತಿರುವುದೂ ಉಂಟು. ಅಂದರೆ ಈ ಕಲ್ಲು ನಿಂತಿದ್ದು ಕೆಲಸಕ್ಕೆ. ರೋಮನ್ನರಿಗೆ ನಂಬಿಕೆಯ ಪಟ್ಟಿ ಇರಲಿಲ್ಲ, ಎಲ್ಲರೂ ಒಪ್ಪಬೇಕಾದ ಒಂದು ಗ್ರಂಥ ಇರಲಿಲ್ಲ. ಸರಿಯಾದ ದೇವರಿಗೆ, ಸರಿಯಾದ ಮಾತಿನಲ್ಲಿ, ಸಲ್ಲಬೇಕಾದ್ದನ್ನು ಸಲ್ಲಿಸುವುದೇ ಅವರ ದೈವಭಕ್ತಿ.

ಅಕ್ಷರ ಓದುವಾಗ ನೇರ ಬೆಳಕು ಬೇಡ. ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದರೆ ಸವೆದ ಗೆರೆಗೂ ನೆರಳು ಬರುತ್ತದೆ. ಬೆನ್ವೆಲ್‌ನಲ್ಲಿ ಬಯಲಲ್ಲಿ ಇರುವ ಬಲಿಪೀಠಗಳು ನಕಲು. ಅಸಲಿ ಕಲ್ಲುಗಳು ಊರೊಳಗಿನ ಗ್ರೇಟ್ ನಾರ್ತ್ ಮ್ಯೂಸಿಯಂನಲ್ಲಿವೆ, ಪ್ರವೇಶ ಉಚಿತ. ನಕಲಿನ ಮುಂದೆ ಓದುವ ಅಭ್ಯಾಸ ಮಾಡಿಕೊಂಡು ಆಮೇಲೆ ಅಸಲಿಯ ಹತ್ತಿರ ಹೋಗಿ.

ಈಗ ಬೆನ್ವೆಲ್ ಗುಡಿಯ ಒಂದು ಕಲ್ಲನ್ನು ಪೂರ್ತಿ ಓದೋಣ. ಮೊದಲ ಪದ "ದೇಓ". ಅಂದರೆ ದೇವರಿಗೆ. ದೇವಿಯಾದರೆ "ದೇಐ" ಅಂತ ಇರುತ್ತದೆ. ಕನ್ನಡದವರಿಗೆ ಇದು ಸುಲಭ, ನಮ್ಮ ಚತುರ್ಥಿ ವಿಭಕ್ತಿಯೇ. ಕಲ್ಲು ಶುರುವಾಗುವುದೇ "ಇಂಥವರಿಗೆ" ಅಂತ. ಮುಂದಿನದು ಹೆಸರು, "ಆಂಟೆನೊಸಿಟಿಕೊ", ಅಂದರೆ ಈ ಗುಡಿಯ ದೇವರಾದ ಆಂಟೆನೊಸಿಟಿಕಸ್‌ನಿಗೆ. ಆಮೇಲೆ "ಮತ್ತು ಚಕ್ರವರ್ತಿಗಳ ದೈವಶಕ್ತಿಗಳಿಗೆ" ಅನ್ನುವ ಮಾತು. ಅದಾದ ಮೇಲೆ ಕೊಟ್ಟವನ ಹೆಸರು: ಏಲಿಯಸ್ ವಿಬಿಯಸ್. ಅವನ ಹೆಸರಾದ ಮೇಲೆ ಒಂದು ಚಿಕ್ಕ ಗುರುತು ಇದೆ. ಅದು ಅವನು ಸೆಂಚುರಿಯನ್, ಅಂದರೆ ಒಂದು ಕಾಲಾಳು ತುಕಡಿಯ ನಾಯಕ ಅಂತ ಹೇಳುತ್ತದೆ. ನಂತರದ ಎರಡು ಗುಣಾಕಾರದ ಗುರುತು ಇಪ್ಪತ್ತು, ಇಪ್ಪತ್ತನೇ ಲೀಜನ್, ಅಂದರೆ ರೋಮನ್ ಸೈನ್ಯದ ಒಂದು ದೊಡ್ಡ ದಳ. ಕೊನೆಯಲ್ಲಿ ನಾಲ್ಕೇ ಅಕ್ಷರ: ವಿ, ಎಸ್, ಎಲ್, ಎಂ. ಬ್ರಿಟನ್ನಿನ ಬಲಿಪೀಠಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. "ಹರಕೆ ತೀರಿಸಿದ್ದಾನೆ, ಮನಸಾರೆ, ದೇವರಿಗೆ ಸಲ್ಲತಕ್ಕದ್ದೇ."

ಈ ಕೊನೆಯ ಸಾಲನ್ನು ಅತ್ತೆಗೆ ಓದಿ ಹೇಳಿದಾಗ ಅವರು ಕಲ್ಲಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಏನು ಹರಕೆ ಅನ್ನುವುದನ್ನು ಏಲಿಯಸ್ ಬರೆಸಿಲ್ಲ. ಕೇಳಿದ್ದು ಸಿಕ್ಕಿತು, ಕೊಟ್ಟ ಮಾತು ನಡೆಸಿದೆ, ಅಷ್ಟೇ.

ಹೆಸರು ಸಿಕ್ಕ ಮೇಲೆ ಅದನ್ನು ತಿದ್ದಲು ಹೋಗಬೇಡಿ. ಇದೇ ಗುಡಿಯ ಇನ್ನೊಂದು ಬಲಿಪೀಠದಲ್ಲಿ, ಟಿನೀಯಸ್ ಲಾಂಗಸ್ ಅನ್ನುವ ಕುದುರೆ ಪಡೆಯ ಅಧಿಕಾರಿ ತನಗೆ ಸಿಕ್ಕ ಬಡ್ತಿಯನ್ನು ಹೇಳಿಕೊಂಡಿದ್ದಾನೆ. ಅಲ್ಲಿ ದೇವರ ಹೆಸರು "ಅನೊಸಿಟಿಕೊ". ದೇವರು ಅದೇ, ಗುಡಿ ಅದೇ, ಹೆಸರು ಮಾತ್ರ ಗಿಡ್ಡ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಉದ್ದಕ್ಕೂ ಸಿಗುವ ವೆಟೆರಿಸ್ ಅನ್ನುವ ದೇವರದ್ದಂತೂ ಐವತ್ತಕ್ಕೂ ಹೆಚ್ಚು ಪುಟ್ಟ ಬಲಿಪೀಠಗಳಿವೆ. ವೆಟೆರಿ, ವಿಟಿರಿ, ಹ್ವಿಟಿರಿ, ಒಂದೊಂದರಲ್ಲಿ ಒಂದೊಂದು ಥರ. ಕೆಲವು ಕಡೆ ಬಹುವಚನ! ಕಲ್ಲಿನಲ್ಲಿ ಇದ್ದ ಹಾಗೇ ಬರೆದುಕೊಳ್ಳಿ. ಎರಡು ಹೆಸರು ಜೋಡಿಯಾಗಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಇದ್ದವಳು ಸುಲಿಸ್ ಮಿನರ್ವಾ. ಸುಲಿಸ್ ಅಲ್ಲಿನವಳು, ಮಿನರ್ವಾ ರೋಮಿನವಳು. ಬರೀ ಮಿನರ್ವಾ ಅಂದರೆ ಆ ನೀರಿನ ತಾಯಿಯನ್ನೇ ಬಿಟ್ಟ ಹಾಗೆ, ಅಲ್ವಾ?

ಹೆಸರಿನ ಜೊತೆ ಬರುವ ಎರಡನೇ ಪದವನ್ನು ಬಿರುದು ಅಂತ ದಾಟಿ ಹೋಗುವವರು ಜಾಸ್ತಿ. ದಾಟಬೇಡಿ. ಐ, ಒ, ಎಂ ಅಂತಿದ್ದರೆ ಜೂಪಿಟರ್ ಆಪ್ಟಿಮಸ್ ಮ್ಯಾಕ್ಸಿಮಸ್, ಶ್ರೇಷ್ಠನೂ ಹಿರಿಯನೂ ಆದ ಜೂಪಿಟರ್, ರೋಮಿನ ಕ್ಯಾಪಿಟೊಲೈನ್ ಗುಡ್ಡದವನು. ಓಡುವ ಸೈನ್ಯವನ್ನು ತಡೆದು ನಿಲ್ಲಿಸುವ ಜೂಪಿಟರ್ ಸ್ಟಾಟರ್‌ಗೆ ಗುಡಿಯೇ ಬೇರೆ. ಜೂನೋ ಮೊನೇಟಾ ಅನ್ನುವ ದೇವಿಯ ಗುಡಿಯ ಬಳಿ ಟಂಕಸಾಲೆ ಇತ್ತು. ಇಂಗ್ಲಿಷಿನ "ಮನಿ" ಹುಟ್ಟಿದ್ದು ಆ ಹೆಸರಿಂದಲೇ.

ನನಗೆ ಹತ್ತಿರದವಳು ಜೂನೋ ಲೂಸಿನಾ. ಮಗುವನ್ನು ಬೆಳಕಿಗೆ ತರುವವಳು. ರೋಮಿನ ಎಸ್ಕ್ವಿಲೈನ್ ಗುಡ್ಡದಲ್ಲಿ ಅವಳ ಗುಡಿ ಇತ್ತು, ಮಾರ್ಚ್ 1 ಅವಳ ಹಬ್ಬ. ಬಸುರಿಯರು ಅವಳನ್ನು ಬೇಡುವಾಗ ಕೂದಲು ಬಿಚ್ಚಿಕೊಳ್ಳುತ್ತಿದ್ದರು. ಅವಳ ಪೂಜೆಯಲ್ಲಿ ಮೈಮೇಲೆ ಒಂದು ಗಂಟೂ ಇರಬಾರದು. ಗಂಟು ಬಿಡಿಸಿದರೆ ಹೆರಿಗೆಯೂ ಸಲೀಸು. ಇದರ ಜೊತೆಗೆ ವಾರೋ ಅನ್ನುವ ವಿದ್ವಾಂಸ ಇನ್ನಿಬ್ಬರನ್ನು ಹೆಸರಿಸುತ್ತಾನೆ: ಪ್ರೋರ್ಸಾ ಮತ್ತು ಪೋಸ್ಟ್‌ವರ್ಟಾ. ಮಗು ತಲೆ ಮುಂದಾಗಿ ಬರುವುದಕ್ಕೆ ಒಬ್ಬಳು, ಕಾಲು ಮುಂದಾಗಿ ಬರುವುದಕ್ಕೆ ಇನ್ನೊಬ್ಬಳು. ಇಬ್ಬರಿಗೂ ರೋಮಿನಲ್ಲಿ ಬಲಿಪೀಠ ಇತ್ತು. ರಾತ್ರಿ ಮೂರು ಗಂಟೆಗೆ ಸ್ಕ್ಯಾನ್‌ನಲ್ಲಿ ಮಗುವಿನ ತಲೆ ಮೇಲೆ, ಕಾಲು ಕೆಳಗೆ ಕಂಡಾಗ ಕೋಣೆಯಲ್ಲಿ ಹಬ್ಬುವ ಮೌನ ನನಗೆ ಗೊತ್ತು. ಆ ಭಯಕ್ಕೆ ಒಂದು ಹೆಸರಿಟ್ಟು, ಅವಳಿಗೊಂದು ಕಲ್ಲು ನಿಲ್ಲಿಸಿದ ಜನ ಇವರು.

ಹೆಸರೇ ತಿಳಿಯದಿದ್ದರೆ? ಅದಕ್ಕೂ ದಾರಿ ಇತ್ತು. ತೋಪು ಕಡಿಯುವ ಮೊದಲು ಹಂದಿ ಬಲಿ ಕೊಟ್ಟು ಹೀಗೆ ಬೇಡು ಅಂತ ಕೇಟೋ ಅನ್ನುವ ರೋಮನ್ ಲೇಖಕ ರೈತನಿಗೆ ಹೇಳುತ್ತಾನೆ: "ನೀನು ದೇವನೋ ದೇವಿಯೋ, ಈ ಜಾಗ ಯಾರದ್ದೋ." ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ 1820ರಲ್ಲಿ ಸಿಕ್ಕ ಒಂದು ಬಲಿಪೀಠದ ಮೇಲೂ ಇದೇ ಮಾತು. "ದೇವನಾಗಲಿ ದೇವಿಯಾಗಲಿ, ಅವರಿಗೆ." ತಪ್ಪು ಹೆಸರು ಕರೆಯುವುದಕ್ಕಿಂತ ಇದೇ ಮೇಲು ಅಂದುಕೊಂಡಿದ್ದರು.

ಇನ್ನು ಹುಡುಗನ ಪ್ರಶ್ನೆ. ಕನ್ನಡದಲ್ಲಿ ಇದರ ಬಗ್ಗೆ ಬರೆಯುವಾಗ ಏನಂತ ಕರೆಯಬೇಕು? "ಪೇಗನ್" ಬೇಡ. ಪಗಾನುಸ್ ಅಂದರೆ ಹಳ್ಳಿಯವನು. ನಾಲ್ಕನೇ ಶತಮಾನದಲ್ಲಿ ಕ್ರೈಸ್ತರು ತಮ್ಮವರಲ್ಲದವರಿಗೆ ಅಂಟಿಸಿದ ಪದ ಅದು. ಏಲಿಯಸ್ ತನ್ನನ್ನು ಹಾಗೆ ಕರೆದುಕೊಂಡಿರಲಾರ. "ಬಹುದೇವತಾರಾಧನೆ" ತಪ್ಪಲ್ಲ, ಆದರೆ ಅದು ಹೊರಗಿನವರು ಕೊಟ್ಟ ಲೆಕ್ಕ. ರೋಮನ್ನರು ತಮ್ಮ ಪೂಜೆಗೆ ಒಂದು ಮತದ ಹೆಸರು ಇಟ್ಟುಕೊಂಡಿರಲೇ ಇಲ್ಲ. ರೋಮನ್ ಲೇಖಕ ಸಿಸೆರೋ ರೆಲಿಗಿಯೋ ಅನ್ನುವ ಲ್ಯಾಟಿನ್ ಪದವನ್ನು "ದೇವತೆಗಳ ಸೇವೆ" ಅಂತ ಬಿಡಿಸಿ ಹೇಳುತ್ತಾನೆ. ನಾನು "ರೋಮನ್ನರ ದೇವತಾಸೇವೆ" ಅಂತಲೇ ಬರೆಯುತ್ತೇನೆ. ಜೂಪಿಟರ್ ಅಂದರೆ ಇಂದ್ರ ಅಂತ ಸಮ ಹಾಕುವುದನ್ನೂ ಬಿಟ್ಟಿದ್ದೇನೆ. ಜೂಪಿಟರ್ ಅನ್ನುವ ಹೆಸರು ವೇದದ ದ್ಯೌಷ್ಪಿತೃವಿನ ನೆಂಟ, ಅದು ನಿಜ. ಆದರೆ ಹೆಸರು ನೆಂಟ ಅಂದ ಮಾತ್ರಕ್ಕೆ ಪೂಜೆ ಒಂದೇ ಆಗುವುದಿಲ್ಲ.

ಇಲ್ಲಿಗೆ ಬರಲು ಆಗದವರು ನಾಣ್ಯದಿಂದ ಶುರು ಮಾಡಬಹುದು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿಯೇ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ಭಾರತದಲ್ಲಿ ಜಾಸ್ತಿ ಸಿಗುವ ರೋಮನ್ ಬೆಳ್ಳಿ ನಾಣ್ಯಗಳು ಎರಡು ಬಗೆ. ಚಕ್ರವರ್ತಿ ಟೈಬೀರಿಯಸ್‌ನದ್ದರಲ್ಲಿ ಕೂತ ಹೆಂಗಸಿನ ಸುತ್ತ "ಪಾಂಟಿಫ್ ಮ್ಯಾಕ್ಸಿಮ್" ಅಂತಿದೆ, ಅಂದರೆ ಪ್ರಧಾನ ಪುರೋಹಿತ. ಚಕ್ರವರ್ತಿಯೇ ಆ ಹುದ್ದೆಯಲ್ಲಿದ್ದ. ಚಕ್ರವರ್ತಿ ಅಗಸ್ಟಸ್‌ನದ್ದರಲ್ಲಿ ಅವನ ಇಬ್ಬರು ಮೊಮ್ಮಕ್ಕಳು, ಗಾಯಸ್ ಮತ್ತು ಲೂಸಿಯಸ್, ಗುರಾಣಿ ಹಿಡಿದು ನಿಂತಿದ್ದಾರೆ. ಅವರ ಗುರಾಣಿ, ಈಟಿಗಳ ಮೇಲುಗಡೆ ನೋಡಿ. ಒಂದು ಪುಟ್ಟ ಸೌಟು, ಒಂದು ತುದಿ ಬಾಗಿದ ಕೋಲು. ಸೌಟು ದೇವರಿಗೆ ವೈನ್ ಹೊಯ್ಯಲು. ಕೋಲು, ಹಕ್ಕಿ ಶಕುನ ನೋಡುವ ಮುಂಚೆ ಆಕಾಶದಲ್ಲಿ ಗೆರೆ ಎಳೆಯಲು.