ಕಂಪ್ಯೂಟರ್ ಕೋಡಿಗೂ ಕನ್ನಡಕ್ಕೂ ಒಗ್ಗುವ ಕೀಲಿಮಣೆಯನ್ನು ಆರಿಸುವುದು

ಬೆಂಗಳೂರಿನಲ್ಲಿರುವವರು ಕೀಲಿಮಣೆಯನ್ನು ಬರಿಯ ಚಿತ್ರ ನೋಡಿ ತರಿಸಿಕೊಳ್ಳುವುದಕ್ಕಿಂತ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಬೆರಳಿಟ್ಟು ಪರೀಕ್ಷಿಸಿ ಕೊಳ್ಳುವುದು ಮೇಲು. ಅಲ್ಲಿ ತಮ್ಮ ಹೆಸರನ್ನಷ್ಟೇ ಒತ್ತಿ ನೋಡದೆ, ದಿನವೂ ಬರೆಯುವಂಥ ಕೋಡಿನ ನಾಲ್ಕು ಸಾಲುಗಳನ್ನು ಟೈಪಿಸಿ, ಆವರಣ ಚಿಹ್ನೆಗಳೂ ಎಸ್ಕೇಪ್ ಕೀಲಿಯೂ ಸಲೀಸಾಗಿ ಎಟಕುತ್ತವೆಯೇ ಎಂದು ಗಮನಿಸಬೇಕು. ಪೂರ್ಣ ಮಣೆಯ ಶೇ. 60ರ ಗಾತ್ರದ ಪುಟ್ಟ ಮಣೆಗಳಲ್ಲಿ ಫಂಕ್ಷನ್ ಕೀಲಿಗಳ (ಎಫ್1, ಎಫ್2 ಇತ್ಯಾದಿ) ಸಾಲು ಇರುವುದಿಲ್ಲ, ಬಾಣದ ಕೀಲಿಗಳೂ ಸಾಮಾನ್ಯವಾಗಿ ಪ್ರತ್ಯೇಕವಾಗಿರುವುದಿಲ್ಲ. ಕೋಡಿನ ದೋಷ ಹುಡುಕುವ ಸಾಧನವಾದ ಡಿಬಗ್ಗರನ್ನು ಫಂಕ್ಷನ್ ಕೀಲಿಗಳಿಂದ ನಡೆಸುವವರಿಗೆ ಇದು ನಿತ್ಯದ ತೊಡಕು.

ಮೆಕ್ಯಾನಿಕಲ್ ಮಣೆಗಳಲ್ಲಿ ಮುಖ್ಯವಾದದ್ದು ಪ್ರತಿ ಕೀಲಿಯಡಿ ಇರುವ ಸ್ವಿಚ್. ಚೆರ್ರಿ ಕಂಪನಿಯ ಎಂಎಕ್ಸ್ ಕೆಂಪು ಸ್ವಿಚ್ ಒಟ್ಟು 4 ಮಿ.ಮೀ. ಇಳಿಯುತ್ತದೆಯಾದರೂ 2 ಮಿ.ಮೀ.ಗೇ ಅಕ್ಷರ ಮೂಡುತ್ತದೆ, ಹಾಗಾಗಿ ತಳಮುಟ್ಟ ಕುಟ್ಟುವ ಅಗತ್ಯವಿಲ್ಲ. ಕಂದು ಸ್ವಿಚ್ಚಿನಲ್ಲಿ ನಡುವೆ ಸಣ್ಣ ತಡೆಯೊಂದು ಬೆರಳಿಗೆ ತಿಳಿಯುತ್ತದೆ. ದೀರ್ಘ ಬರವಣಿಗೆಗೆ ನನ್ನ ಶಿಫಾರಸು ಇದೇ. ಟಕಟಕ ಸದ್ದಿನ ನೀಲಿ ಸ್ವಿಚ್ ಕಚೇರಿಗೆ ತಕ್ಕದ್ದಲ್ಲ.

ಕನ್ನಡಕ್ಕಾಗಿ ಬೇರೆ ಮಣೆ ಬೇಕಿಲ್ಲ. ಕೆ.ಪಿ. ರಾವ್ ಅವರ ಕನ್ನಡ ಕೀಲಿ ವಿನ್ಯಾಸವನ್ನು ಆಧರಿಸಿದ ‘ನುಡಿ’ ತಂತ್ರಾಂಶ ಸಾಮಾನ್ಯ ಇಂಗ್ಲಿಷ್ ಮಣೆಯಲ್ಲೇ ನಡೆಯುತ್ತದೆ. ಅದರಲ್ಲಿ ‘ಅಕ್ಕ’ ಎಂದು ಮೂಡಿಸಲು ಎ, ಕೆ, ಎಫ್, ಕೆ ಒತ್ತಬೇಕು. ಪ್ರತಿ ಒತ್ತಕ್ಷರಕ್ಕೂ ಎಫ್ ಬೇಕಾಗುವುದರಿಂದ, ಎಡ ತೋರುಬೆರಳಿನಡಿಯ ಆ ಕೀಲಿ ಹಗುರವಾಗಿ ಇಳಿಯುತ್ತದೆಯೇ, ಅದರ ಮೇಲಿನ ಉಬ್ಬುಗೆರೆ ಕಣ್ಣುಮುಚ್ಚಿದರೂ ಸ್ಪಷ್ಟವಾಗಿ ತಾಕುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ಖಚಿತಪಡಿಸಿಕೊಳ್ಳಿ.